ಬನ್ನಿ ಎಂದರೆ ಸಾಲದು



ಒಂದು ಯುಗಾದಿಯ ಮಾರನೆಯ ದಿನ ನಮ್ಮ ಹೇಮಾವತಿ ಕಡೆಯ ಮೂವರು ಹುಡುಗರು ನಮ್ಮ ಮನೆ ಜಗಲಿಗೆ ಬಂದರು. ಬೆಂಗಳೂರಿನಲ್ಲಿ ಕೆಲಸ ಮಾಡುವವರು, ಹಬ್ಬಕ್ಕೆ ಊರಿಗೆ ಬಂದಿದ್ದರು. ಕೈಯಲ್ಲಿ ಒಂದು ಕರಪತ್ರದ ಕರಡು, ಫೋನಿನಲ್ಲಿ ಅದೇ ವಿಷಯದ ಒಂದು ವೆಬ್ ಪುಟ, ಜೊತೆಗೆ ಬೆಂಗಳೂರಿನಲ್ಲಿರುವ ನಮ್ಮೂರ ಜನರಿಗೆಲ್ಲ ಕಳಿಸಬೇಕೆಂದಿದ್ದ ಒಂದು ಇ-ಮೇಲ್. ಇಲ್ಲಿನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂದನೇ ತರಗತಿಗೆ ಆ ಹೊತ್ತಿಗೆ ಏಳು ಮಕ್ಕಳ ಹೆಸರು ಮಾತ್ರ ಬಂದಿತ್ತು. ಇನ್ನಷ್ಟು ಮಕ್ಕಳನ್ನು ಸೇರಿಸಬೇಕೆಂಬುದು ಅವರ ಆಸೆ.

"ಸಾರ್, ಒಂದ್ಸಲ ಓದಿ ಹೇಳಿ, ತಪ್ಪಿದ್ರೆ ತಿದ್ದಿ" ಎಂದರು.

ಓದಿದೆ. ತಪ್ಪೇನೂ ಇರಲಿಲ್ಲ. ಹೇಮಾವತಿಗೆ ಹಿಂದೆ ಹೆಂಜೇರು ಎಂಬ ಹೆಸರಿತ್ತು, ಅದು ನೊಳಂಬರ ರಾಜಧಾನಿಯಾಗಿತ್ತು, ಸಿದ್ಧೇಶ್ವರನ ಗುಡಿಯಲ್ಲಿ ಶಿವ ಲಿಂಗರೂಪದಲ್ಲಿಲ್ಲದೆ ಮನುಷ್ಯರೂಪದಲ್ಲಿ ಕುಳಿತಿದ್ದಾನೆ, ಈ ನೆಲದ ಕಲ್ಲುಗಳೂ ಕನ್ನಡ ಮಾತಾಡುತ್ತವೆ ಎಂದೆಲ್ಲ ಬರೆದಿದ್ದರು. ಓದುತ್ತಾ ನನಗೂ ಎದೆ ಉಬ್ಬಿತು. ಕೊನೆಯ ಸಾಲು ದಪ್ಪಕ್ಷರದಲ್ಲಿ ಹೀಗಿತ್ತು: ಬನ್ನಿ, ಎಲ್ಲರೂ ಸೇರಿ ಕನ್ನಡವನ್ನು ಉಳಿಸೋಣ, ಬೆಳೆಸೋಣ.

ಕಾಗದ ಮಡಿಸಿಟ್ಟು ಕೇಳಿದೆ: "ಸರಿಯಪ್ಪ, ಉಳಿಸೋಣ. ನಾನೀಗ ಎದ್ದು ಏನು ಮಾಡ್ಲಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇವತ್ತಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ. ಕರಪತ್ರವಾಗಲಿ, ಇಂಟರ್ನೆಟ್ಟಿನ ಪುಟವಾಗಲಿ, ಇ-ಮೇಲ್ ಆಗಲಿ, ಓದಿದವರು ಮುಂದೆ ಏನು ಮಾಡಬೇಕು ಎಂದು ಹೇಳುವ ಸಾಲು ಒಂದಿರುತ್ತದೆ. ಇಂಟರ್ನೆಟ್ ವ್ಯಾಪಾರದವರು ಅದಕ್ಕೆ ‘ಕಾಲ್ ಟು ಆಕ್ಷನ್’ ಎನ್ನುತ್ತಾರೆ. ನಾವು ‘ಕರೆ’ ಎನ್ನೋಣ. ಉಳಿದ ಬರಹವೆಲ್ಲ ಓದುವವರನ್ನು ಆ ಸಾಲಿನ ತನಕ ಕೈಹಿಡಿದು ತರುವ ದಾರಿ. ದಾರಿ ಚೆನ್ನಾಗಿದ್ದು ಕೊನೆಯಲ್ಲಿ ಬಾಗಿಲೇ ಇಲ್ಲದಿದ್ದರೆ ಬಂದವರು ಹಿಂತಿರುಗುತ್ತಾರೆ.

ಇದೇನು ಅಷ್ಟು ದೊಡ್ಡ ವಿಷಯ ಎನ್ನುತ್ತೀರಾ? ಗಡಿಯಲ್ಲಿರುವ ನಮಗೆ ದೊಡ್ಡದೇ. 1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತು. ಒಂದು ತರಗತಿಯಲ್ಲಿ 10 ಮಕ್ಕಳು, ಇಲ್ಲವೇ ಇಡೀ ಶಾಲೆಯಲ್ಲಿ 40 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ, ಆ ಭಾಷೆಯಲ್ಲಿ ಪ್ರಾಥಮಿಕ ಪಾಠ ಹೇಳಲು ಒಬ್ಬ ಶಿಕ್ಷಕರನ್ನು ಕೊಡಬೇಕು ಎಂಬುದು ಆ ಸೂತ್ರ. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಬಂತು. ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲೇ ಇತ್ತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಸೌಲಭ್ಯ ಒದಗಿಸುವುದು ರಾಜ್ಯಗಳ ಜವಾಬ್ದಾರಿಯಾಯಿತು. ಆದರೆ ನಮ್ಮ ಅಭಿಮಾನವನ್ನು ಯಾರೂ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಅಲ್ಲಿ ಬರೆಯುವುದು ಮಕ್ಕಳ ಹೆಸರು. ಏಳು ಹೆಸರಿದ್ದರೆ ಹತ್ತಕ್ಕೆ ಮೂರು ಕಡಿಮೆ. ಆ ಮೂರು ಹೆಸರನ್ನು ತರುವುದು ನೊಳಂಬರ ಕೀರ್ತಿಯ ಕೈಯಲ್ಲಿಲ್ಲ, ಕರಪತ್ರದ ಕೊನೆಯ ಸಾಲಿನ ಕೈಯಲ್ಲಿದೆ.

ಈ ಸಾಲನ್ನು ಹೇಗೆ ಬರೆಯಬೇಕೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಿಂದೆ ಊರಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದುದನ್ನು ನೆನಪಿಸಿಕೊಳ್ಳಿ. "ಕೇಳ್ರಪ್ಪೋ ಕೇಳಿ, ಕಂದಾಯ ಬಾಕಿ ಇರೋರೆಲ್ಲ ನಾಳೆ ಹೊತ್ತಾರೆ ಚಾವಡಿ ತಾವ ಬರಬೇಕಂತೆ!" ಯಾರು, ಏಕೆ, ಯಾವಾಗ, ಎಲ್ಲಿ ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ತಮಟೆಯವನು ಕಂದಾಯದ ಇತಿಹಾಸ ಹೇಳುತ್ತಾ ನಿಂತಿದ್ದರೆ ಜನ ನಾಳೆ ಹೊತ್ತಾರೆ ಹೊಲಕ್ಕೆ ಹೋಗುತ್ತಿದ್ದರು.

ಕಲ್ಲಿನ ಶಾಸನಗಳನ್ನೂ ನೋಡಿ. ದಾನ ಕೊಟ್ಟದ್ದು ಯಾರು, ಯಾವ ಭೂಮಿ, ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದು ಬರೆದ ಮೇಲೆ ಎಷ್ಟೋ ಶಾಸನಗಳ ಕೊನೆಯಲ್ಲಿ ಇನ್ನೊಂದು ಮಾತಿರುತ್ತದೆ: ಇದನ್ನು ಕಾಪಾಡಿದವರಿಗೆ ಇಂಥ ಪುಣ್ಯ, ಕೆಡಿಸಿದವರಿಗೆ ಇಂಥ ಪಾಪ. ಅಂದರೆ ‘ಮಾಡಿದರೆ ಆಮೇಲೆ ಏನಾಗುತ್ತದೆ’ ಎಂಬುದನ್ನೂ ಕಲ್ಲಿನಲ್ಲೇ ಹೇಳಿಬಿಟ್ಟರು. ಕರೆಗೆ ಬೇಕಾದ ಕೊನೆಯ ಅಂಗ ಅದೇ.

ನಮ್ಮ ಕಾಲದ ಉದಾಹರಣೆ ಬೇಕೆಂದರೆ ಪಲ್ಸ್ ಪೋಲಿಯೋ ಇದೆ. 1995ರಲ್ಲಿ ದೇಶದಾದ್ಯಂತ ಆರಂಭವಾಯಿತು. ಪೋಲಿಯೋ ವೈರಸ್ ಎಂದರೇನು ಎಂದು ಜನಕ್ಕೆ ಪಾಠ ಮಾಡುವುದಕ್ಕಿಂತ ಹೆಚ್ಚಾಗಿ ಅವರು ಹೇಳಿದ್ದು ಇಷ್ಟು: ಐದು ವರ್ಷದೊಳಗಿನ ಮಗು, ಈ ಭಾನುವಾರ, ಹತ್ತಿರದ ಬೂತು, ಎರಡು ಹನಿ. ತಾಯಂದಿರಿಗೆ ಬರುವ ಅನುಮಾನಕ್ಕೂ ಅಲ್ಲೇ ಉತ್ತರವಿತ್ತು: ಹಿಂದೆ ಹಾಕಿಸಿದ್ದರೂ ಮತ್ತೆ ಹಾಕಿಸಿ. ಭಾನುವಾರ ಬಾರದವರ ಮನೆಗೆ ಮುಂದಿನ ದಿನಗಳಲ್ಲಿ ಕಾರ್ಯಕರ್ತೆಯರೇ ಹೋದರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡದ್ದು ನಮ್ಮ ದೇಶದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಬಂತು. ಲಸಿಕೆ, ಹಣ, ಲಕ್ಷಾಂತರ ಜನರ ದುಡಿಮೆ ಎಲ್ಲವೂ ಅದರ ಹಿಂದಿತ್ತು, ನಿಜ. ಆದರೆ ಕರೆ ತೊಡಕಾಗಿದ್ದಿದ್ದರೆ ಆ ಲಸಿಕೆ ಬೂತಿನ ಡಬ್ಬಿಯಲ್ಲೇ ಉಳಿಯುತ್ತಿತ್ತು.

ನನ್ನ ಮಾತಿಗೆ ಬ್ಯಾಂಕಿನ ಅನುಭವವೂ ಸೇರಿದೆ. ಎರಡು ವರ್ಷ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ 2014ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಒಂದು ನಿಧಿಗೆ ಹೋಗುತ್ತದೆ. ಆಮೇಲೂ ಹಣ ವಾಪಸು ಬರುತ್ತದೆ, ಆದರೆ ಓಡಾಟ ತಪ್ಪಿದ್ದಲ್ಲ. ನಾನಿದ್ದ ಒಂದು ಶಾಖೆಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದರು: ಗ್ರಾಹಕರು ತಮ್ಮ ನಿಷ್ಕ್ರಿಯ ಖಾತೆಗಳನ್ನು ನಿಯಮಾನುಸಾರ ಸಕ್ರಿಯಗೊಳಿಸಿಕೊಳ್ಳತಕ್ಕದ್ದು. ತಿಂಗಳುಗಟ್ಟಲೆ ಅದು ಅಲ್ಲೇ ಇತ್ತು. ಅದರ ಕೆಳಗೇ ಕೂತು ಟೋಕನ್ ಹಿಡಿದು ಕಾಯುತ್ತಿದ್ದ ಒಬ್ಬ ಮುದುಕಿಯ ಖಾತೆಯೇ ನಿಷ್ಕ್ರಿಯವಾಗಿತ್ತು. "ಅಮ್ಮ, ಗೋಡೆ ಮೇಲೆ ಬರೆದೈತಲ್ಲ" ಎಂದೆ. "ಅದು ನಂಗೆ ಬರೆದಿದ್ದಾ ಅಪ್ಪಯ್ಯ? ಯಾರೋ ಗ್ರಾಹಕರಿಗೆ ಅಂತ ಓದಿದ್ರು" ಎಂದಳು. ನಕ್ಕೆ, ಆಮೇಲೆ ನಾಚಿಕೆಯಾಯಿತು. ಅವತ್ತಿನಿಂದ ಅಂಥವರ ಪಾಸ್‌ಬುಕ್ಕಿಗೆ ಒಂದು ಚೀಟಿ ಪಿನ್ ಮಾಡಿ ಕೊಡುತ್ತಿದ್ದೆ: ‘ಈ ಪುಸ್ತಕ, ಆಧಾರ್ ಕಾರ್ಡು, ಒಂದು ಫೋಟೋ ತಗೊಂಡು ಸೋಮವಾರ ಮೂರನೇ ಕೌಂಟರಿಗೆ ಬನ್ನಿ. ನಿಮ್ಮ ಹಣ ತೆಗೆಯಲು ಮತ್ತೆ ದಾರಿಯಾಗುತ್ತದೆ.’ ಮನೆಯಲ್ಲಿ ಮೊಮ್ಮಕ್ಕಳು ಓದಿ ಹೇಳಿದರು, ಜನ ಬಂದರು. ಗೋಡೆಯ ಪ್ರಕಟಣೆಗೂ ಚೀಟಿಗೂ ವಿಷಯ ಒಂದೇ. ಒಂದು ಬ್ಯಾಂಕಿನ ಬಾಯಿಂದ ಬಂದದ್ದು, ಇನ್ನೊಂದು ಗಿರಾಕಿಯ ಕಾಲ ಬಳಿ ನಿಂತು ಹೇಳಿದ್ದು.

ಇನ್ನು ವೆಬ್ ಪುಟಕ್ಕೆ, ಇ-ಮೇಲಿಗೆ ಬರೋಣ. ಅಲ್ಲಿ ಕರೆ ಎಂದರೆ ಬೆರಳಲ್ಲಿ ಒತ್ತುವ ಒಂದು ಗುಂಡಿ. ಹುಡುಗರ ಪುಟದಲ್ಲಿ ಅಂಥ ಆರು ಗುಂಡಿಗಳಿದ್ದವು: ದೇಣಿಗೆ ನೀಡಿ, ವೀಡಿಯೋ ನೋಡಿ, ಹಂಚಿಕೊಳ್ಳಿ, ಸದಸ್ಯರಾಗಿ, ಇತಿಹಾಸ ಓದಿ, ಸಂಪರ್ಕಿಸಿ. ಮಗುವನ್ನು ಸೇರಿಸಿ ಎಂಬುದು ಮಾತ್ರ ಇರಲಿಲ್ಲ! ಆರು ಬಾಗಿಲಿನ ಮನೆ ಮುಂದೆ ನಿಂತವನು ಯಾವುದನ್ನು ತಟ್ಟಲಿ ಎಂದು ಯೋಚಿಸುತ್ತಾ ಹೊರಟುಹೋಗುತ್ತಾನೆ. ಒಂದು ಪುಟಕ್ಕೆ ಒಂದು ಮುಖ್ಯ ಕರೆ ಸಾಕು. ಪುಟ ಉದ್ದವಾಗಿದ್ದರೆ ಅದೇ ಕರೆಯನ್ನು ಮೇಲೊಮ್ಮೆ, ಕೆಳಗೊಮ್ಮೆ ಇಡಿ.

ಗುಂಡಿಯ ಮೇಲಿನ ಮಾತೂ ಮುಖ್ಯ. ‘ಇಲ್ಲಿ ಒತ್ತಿ’ ಎಂದರೆ ಒತ್ತಿದ ಮೇಲೆ ಏನಾಗುತ್ತದೆಂದು ಗೊತ್ತಾಗುವುದಿಲ್ಲ. ‘ಸಲ್ಲಿಸಿ’ ಎಂಬುದು ಕಚೇರಿಯ ಭಾಷೆ. ‘ಮಗುವಿನ ಹೆಸರು ಬರೆಸಿ’ ಎಂದರೆ ಕೆಲಸವೂ ತಿಳಿಯಿತು, ಫಲವೂ ತಿಳಿಯಿತು.

ಎಷ್ಟು ಕೇಳಬೇಕು ಎಂಬುದೂ ಒಂದು ಲೆಕ್ಕವೇ. 2008ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಒಬಾಮಾ ಅವರ ಪ್ರಚಾರ ತಂಡ ತಮ್ಮ ವೆಬ್ ಪುಟದಲ್ಲಿ ಒಂದು ಪರೀಕ್ಷೆ ನಡೆಸಿತು. ಬರುವವರಲ್ಲಿ ಕೆಲವರಿಗೆ ಒಂದು ರೀತಿಯ ಪುಟ, ಇನ್ನು ಕೆಲವರಿಗೆ ಇನ್ನೊಂದು ರೀತಿಯ ಪುಟ ತೋರಿಸಿ, ಎಷ್ಟು ಜನ ಹೆಸರು ನೋಂದಾಯಿಸುತ್ತಾರೆಂದು ಎಣಿಸಿದರು. ‘ಸೈನ್ ಅಪ್’, ಅಂದರೆ ‘ಹೆಸರು ನೋಂದಾಯಿಸಿ’ ಎಂಬ ಗುಂಡಿಗಿಂತ ‘ಲರ್ನ್ ಮೋರ್’, ಅಂದರೆ ‘ಇನ್ನಷ್ಟು ತಿಳಿಯಿರಿ’ ಎಂಬ ಗುಂಡಿ ಗೆದ್ದಿತು. ತಂಡದವರಿಗೆ ಬಹಳ ಇಷ್ಟವಾಗಿದ್ದ ವೀಡಿಯೋಗಳಿಗಿಂತ ಕುಟುಂಬದ ಒಂದು ಫೋಟೋ ಹೆಚ್ಚು ಕೆಲಸ ಮಾಡಿತು. ಎರಡೂ ಸೇರಿದ ಪುಟದಲ್ಲಿ ನೋಂದಣಿ ನೂರಕ್ಕೆ 8.26 ಇದ್ದದ್ದು 11.6ಕ್ಕೆ ಏರಿತು. ಹೊಸದಾಗಿ ಬಂದವರನ್ನು ಬಾಗಿಲಲ್ಲೇ ಹಿಡಿದು ಸಹಿ ಹಾಕಿ ಎನ್ನಬೇಡಿ, ಮೊದಲು ಕೂರಿಸಿ ನೀರು ಕೊಡಿ ಎಂಬುದು ನಾನು ಇದರಿಂದ ಕಲಿತ ಪಾಠ. ಇನ್ನೊಂದು ಪಾಠ, ನಮಗೆ ಚೆನ್ನಾಗಿ ಕಂಡದ್ದೇ ಜನಕ್ಕೂ ಚೆನ್ನ ಎಂದು ಊಹಿಸದೆ ಎಣಿಸಿ ನೋಡಬೇಕು. ಆದರೆ ಅವರು ಎಣಿಸಿದ್ದು ಮೂರು ಲಕ್ಷ ಜನರನ್ನು. ನೀವು ಎರಡು ಬೀದಿಗೆ ಎರಡು ತರಹದ ಕರಪತ್ರ ಹಂಚಿ ಹತ್ತು ಮನೆಯ ಲೆಕ್ಕ ನಂಬಿದರೆ ಮೋಸ ಹೋಗುತ್ತೀರಿ. ಅಷ್ಟು ಕಡಿಮೆ ಜನರಿದ್ದಾಗ ಬಾರದವರನ್ನೇ ‘ಯಾಕೆ ಬರಲಿಲ್ಲ’ ಎಂದು ಕೇಳುವುದು ಮೇಲು.

ಇ-ಮೇಲಿನಲ್ಲಿ ಓದುಗರು ಮೊದಲು ನೋಡುವುದು ಯಾರು ಕಳಿಸಿದ್ದು, ವಿಷಯ ಏನು ಎಂಬ ಎರಡನ್ನು. ಫೋನಿನಲ್ಲಿ ವಿಷಯದ ಸಾಲಿನ ಮೊದಲ ನಾಲ್ಕೈದು ಪದಗಳೇ ಕಾಣುವುದು. ‘ಆತ್ಮೀಯ ಕನ್ನಡ ಬಂಧುಗಳಲ್ಲಿ ಒಂದು ವಿನಮ್ರ ಮನವಿ’ ಎಂದರೆ ಆ ಜಾಗವೆಲ್ಲ ವಿನಯಕ್ಕೇ ಮುಗಿಯಿತು. ಇನ್ನೊಂದು ಮಾತು: ಬೆಂಗಳೂರಿನಲ್ಲಿರುವವರ ಮಕ್ಕಳು ಹೇಮಾವತಿ ಶಾಲೆಗೆ ಸೇರುವುದಿಲ್ಲ. ಅವರಿಗೆ ‘ಮಗುವನ್ನು ಸೇರಿಸಿ’ ಎಂದು ಬರೆದು ಫಲವೇನು? ಅವರು ಮಾಡಬಹುದಾದ ಕೆಲಸ ಬೇರೆ: ಊರಲ್ಲಿರುವ ಅಣ್ಣನಿಗೋ ತಂಗಿಗೋ ಒಂದು ಫೋನ್ ಮಾಡುವುದು. ಹೀಗೆ ಓದುವವರು ಬೇರೆಯಾದರೆ ಕರೆಯೂ ಬೇರೆಯಾಗಬೇಕು. ಕೆಲವರು ಪತ್ರದ ಕೊನೆಗೆ ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂದು ಬರೆಯುತ್ತಾರೆ. ಊಟಕ್ಕೆ ಕರೆದು ಬಾಗಿಲಿಗೆ ಅಗುಳಿ ಹಾಕಿದ ಹಾಗೆ! ಕರೆದ ಮೇಲೆ ಅನುಮಾನ ಕೇಳಲು ಒಬ್ಬ ಮನುಷ್ಯ ಸಿಗಬೇಕು.

ಬೇಡ ಎನ್ನುವವರಿಗೂ ದಾರಿ ಇರಬೇಕು. 2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಸಾವಿರಗಟ್ಟಲೆ ಇ-ಮೇಲ್ ಕಳಿಸುವ ವ್ಯಾಪಾರಿಗಳಿಗೆ ಹೊಸ ನಿಯಮ ತಂದವು. ಮುಂದೆ ಇಂಥ ಪತ್ರ ಬೇಡ ಎಂದು ಒಂದೇ ಒತ್ತಿನಲ್ಲಿ ಹೇಳಲು ಅವಕಾಶವಿರಬೇಕು ಎಂಬುದು ಅದರಲ್ಲೊಂದು. ನಮ್ಮ ದೇಶದಲ್ಲೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ವೆಬ್ ಪುಟಗಳ 13 ಬಗೆಯ ಮೋಸದ ಅಭ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಇಲ್ಲದ ಅವಸರ ಹುಟ್ಟಿಸುವುದು, ಬೇಡ ಎಂದವರನ್ನು ನಾಚಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಎಲ್ಲವೂ ಅದರಲ್ಲಿವೆ. ಹುಡುಗರ ಕರಡಿನಲ್ಲೂ ಅಂಥ ಒಂದು ಸಾಲಿತ್ತು: ಮಗುವನ್ನು ಕನ್ನಡ ಶಾಲೆಗೆ ಕಳಿಸದವನು ತಾಯಿಗೆ ದ್ರೋಹ ಬಗೆದಂತೆ. "ಇದನ್ನು ಹೊಡೆದುಹಾಕಿ" ಎಂದೆ. ಬೈಸಿಕೊಂಡವರು ಮಗುವನ್ನು ಕರೆದುಕೊಂಡು ಬರುವುದಿಲ್ಲ.

ಇಲ್ಲಿ ಬ್ಯಾಂಕಿನವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಚುರುಕಾದ ಕರೆ ಬರೆಯುವುದನ್ನು ನಮಗಿಂತ ಮೊದಲು ಕಲಿತವರು ಕಳ್ಳರು. ‘ನಿಮ್ಮ ಖಾತೆ ಇಂದು ರಾತ್ರಿ ನಿಲ್ಲುತ್ತದೆ, ಕೆವೈಸಿ ಮಾಡಲು ಈಗಲೇ ಇದನ್ನು ಒತ್ತಿ.’ ಯಾರು, ಏನು, ಯಾವಾಗ, ಆಮೇಲೆ ಏನು ಎಲ್ಲವೂ ಇದೆ, ಸತ್ಯವೊಂದಿಲ್ಲ. ನನಗೆ ಗೊತ್ತಿರುವ ಒಬ್ಬ ರೈತರು ಹೀಗೆ ಒತ್ತಿ, ಕಡಲೆಕಾಯಿ ಮಾರಿದ ಹಣ ಕಳೆದುಕೊಂಡರು. ಹಾಗಾದಾಗ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬ್ಯಾಂಕುಗಳ ನಿಜವಾದ ವೆಬ್ ವಿಳಾಸ ಸುಲಭವಾಗಿ ಗುರುತು ಸಿಗಲೆಂದು 2025ರಲ್ಲಿ ರಿಸರ್ವ್ ಬ್ಯಾಂಕ್, ವಿಳಾಸದ ಕೊನೆಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಇರಬೇಕೆಂದು ಗೊತ್ತುಮಾಡಿತು.

ಆ ಪೆಟ್ಟಿನಿಂದ ಪ್ರಾಮಾಣಿಕರಿಗೂ ನಷ್ಟ. ಈಗ ನಮ್ಮ ಜನ ಫೋನಿನಲ್ಲಿ ಏನು ಬಂದರೂ ಹೆದರುತ್ತಾರೆ, ಹೆದರಬೇಕಾದದ್ದೇ. ಆದ್ದರಿಂದ ಒಳ್ಳೆಯ ಕರೆ ಕಳ್ಳನ ಕರೆಯಂತೆ ಕಾಣಬಾರದು. ಗಾಬರಿ ಹುಟ್ಟಿಸಬೇಡಿ. ಕೊನೆಯ ದಿನ ನಿಜವಾಗಿ ಇದ್ದರೆ ಮಾತ್ರ ಕೊನೆಯ ದಿನ ಎನ್ನಿ. ಬ್ಯಾಂಕ್ ವಿವರ ಕೇಳಬೇಡಿ. ಗುಂಡಿ ಒತ್ತಲು ಮನಸ್ಸಿಲ್ಲದವರು ನೇರವಾಗಿ ಬರಲು ಗೊತ್ತಿರುವ ಜಾಗ, ಗೊತ್ತಿರುವ ಮನುಷ್ಯರ ಹೆಸರು ಹಾಕಿ.

ಜಾಗದ ಹೆಸರೂ ಸರಿಯಿರಬೇಕು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲೆಕ್ಟರ್ ಕಚೇರಿ ಪುಟ್ಟಪರ್ತಿಯದಾಯಿತು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಹುಡುಗರ ಕರಡಿನಲ್ಲಿ ದೂರು ಕೊಡಬೇಕಾದ ಕಚೇರಿ ಅನಂತಪುರ ಎಂದೇ ಇತ್ತು. ಅದನ್ನು ನಂಬಿ ಒಬ್ಬರು ಬಸ್ಸು ಹತ್ತಿದ್ದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಆಮೇಲೆ ನಮ್ಮ ಯಾವ ಕರೆಯನ್ನೂ ಅವರು ನಂಬುತ್ತಿರಲಿಲ್ಲ.

ಕೊನೆಗೆ ನಾವು ನಾಲ್ವರೂ ಸೇರಿ ಹೀಗೆ ಬರೆದೆವು:

‘ನಿಮ್ಮ ಮಗು ಈ ವರ್ಷ ಒಂದನೇ ತರಗತಿಗೆ ಸೇರಬೇಕೇ? ನಮ್ಮೂರ ಕನ್ನಡ ಶಾಲೆಯಲ್ಲಿ ಏಳು ಮಕ್ಕಳ ಹೆಸರು ಬಂದಿದೆ. ಹತ್ತಾದರೆ ಕನ್ನಡ ಮೇಷ್ಟ್ರನ್ನು ಕೇಳುವ ಹಕ್ಕು ನಮಗೆ ಗಟ್ಟಿಯಾಗುತ್ತದೆ. ತೆಲುಗು, ಇಂಗ್ಲಿಷ್ ಪಾಠಗಳೂ ಇವೆ. ಮಗುವಿನ ಜನನ ಪತ್ರ, ಆಧಾರ್ ಜೆರಾಕ್ಸ್ ತಗೊಂಡು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಗೆ ಬನ್ನಿ. ಹೆಡ್‌ಮಾಸ್ಟರು ಅಲ್ಲೇ ಇರುತ್ತಾರೆ. ಹೆಸರು ಬರೆಸಲು ದುಡ್ಡು ಕೊಡಬೇಕಾಗಿಲ್ಲ. ಕಾಗದ ಸಿಗದಿದ್ದರೂ ಬನ್ನಿ, ಮಾಡಿಸಲು ದಾರಿ ಹೇಳುತ್ತೇವೆ.’

ನೊಳಂಬರು ಎಲ್ಲಿ ಹೋದರು ಎಂದು ಒಬ್ಬ ಹುಡುಗ ಬೇಸರದಿಂದ ಕೇಳಿದ. "ಹಿಂದಿನ ಪುಟಕ್ಕೆ ಹೋದರಪ್ಪ. ಮೊದಲು ಮಕ್ಕಳು ಸೇರಲಿ, ಆಮೇಲೆ ನೊಳಂಬರ ಪಾಠ ಮಾಡೋರೂ ಇರ್ತಾರೆ, ಕೇಳೋರೂ ಇರ್ತಾರೆ" ಎಂದೆ.

ಆ ಸೋಮವಾರ ಇಬ್ಬರು ತಾಯಂದಿರು ಕಾಗದಗಳನ್ನು ಕೈಯಲ್ಲೇ ಹಿಡಿದು ಬಂದರು. ಒಂಬತ್ತಾಯಿತು. ಹತ್ತನೆಯದು ಕರಪತ್ರಕ್ಕೆ ಬರಲಿಲ್ಲ, ಫೋನಿಗೂ ಬರಲಿಲ್ಲ. ಹೆಡ್‌ಮಾಸ್ಟರೂ ನಾನೂ ಒಂದು ಸಂಜೆ ಊರಾಚೆಯ ಒಂದು ಮನೆಗೆ ನಡೆದು ಹೋದೆವು. ಆ ಮನೆಯ ತಾಯಿ ಕರಪತ್ರವನ್ನು ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದರು. "ಬರಾನ ಅಂತ್ಲೇ ಇದ್ದೆ ಸಾಮಿ, ಜನನ ಪತ್ರದಾಗೆ ಹೆಸರು ತಪ್ಪೈತೆ, ಬೈತಾರೇನೋ ಅಂತ ಸುಮ್ಕಿದ್ದೆ" ಎಂದರು. ನಮ್ಮ ಕರೆಯಲ್ಲಿ ಆ ಒಂದು ಅನುಮಾನಕ್ಕೆ ಉತ್ತರ ಇರಲಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿಸಿದರೂ ಹತ್ತಿರದವರ ಮನೆಗೆ ನಾವೇ ಹೋಗಿ ಅಕ್ಷತೆ ಇಟ್ಟು ಕರೆಯುವುದು ಯಾಕೆಂದು ಅವತ್ತು ಚೆನ್ನಾಗಿ ತಿಳಿಯಿತು.

ಇಷ್ಟು ಹೇಳಿದ ಮೇಲೆ ನಾನೂ ಒಂದು ಕರೆ ಕೊಡಬೇಕು, ಒಂದೇ ಒಂದು. ನಿಮ್ಮ ಮನೆಯಲ್ಲಿ ಮುಂದಿನ ಜೂನ್‌ಗೆ ಶಾಲೆ ಸೇರುವ ಮಗು ಇದ್ದರೆ, ನಾಳೆ ಬೆಳಿಗ್ಗೆ ಪೆಟ್ಟಿಗೆ ತೆಗೆದು ಆ ಮಗುವಿನ ಜನನ ಪತ್ರ ಎಲ್ಲಿದೆ, ಅದರಲ್ಲಿ ಹೆಸರು ಸರಿಯಾಗಿದೆಯೇ ನೋಡಿ. ತಪ್ಪಿದ್ದರೆ ತಿದ್ದಿಸಲು ಸಮಯವಿದೆ, ಯಾರೂ ಬೈಯುವುದಿಲ್ಲ. ನಾಳೆಗೆ ಅಷ್ಟು ಮಾಡಿದರೆ ಸಾಕು.